ಸವಕಲು ನಾಣ್ಯದ ನಿಜವಾದ ಬೆಲೆ

(ಸಂಘದ ವಾರ್ಷಿಕ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಹವ್ಯಾಸಗಳ ಬಗ್ಗೆ ಮಾತನಾಡಬೇಕೆಂದು ಸಂಘಟಕರು ಕೇಳಿದರು. ನಾನು ಆರಿಸಿಕೊಂಡದ್ದು ಬಹಳ ಸಣ್ಣ ವಿಷಯ. ನಿಮ್ಮ ಮನೆಯ ಕಪಾಟಿನಲ್ಲಿ, ಅಜ್ಜಿಯ ಪೆಟ್ಟಿಗೆಯಲ್ಲಿ, ಹಳೆಯ ಬಿಸ್ಕತ್ತು ಡಬ್ಬಿಯಲ್ಲಿ ಬಿದ್ದಿರುವ ಹಳೆಯ ಚಿಲ್ಲರೆ ನಾಣ್ಯಗಳನ್ನು ಮಾರಬಹುದೇ? ಮಾರಿದರೆ ಎಷ್ಟು ಸಿಕ್ಕೀತು? ಹೇಗೆ ಮಾರಬೇಕು? ಈ ಮೂರು ಪ್ರಶ್ನೆಗಳನ್ನು ವಿದ್ಯಾರ್ಥಿಗಳು ನನ್ನನ್ನು ಮತ್ತೆ ಮತ್ತೆ ಕೇಳುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಅವರ ತಂದೆ ತಾಯಂದಿರೂ ಕೇಳತೊಡಗಿದ್ದಾರೆ. ಮೊಬೈಲ್ ಫೋನಿನಲ್ಲಿ ಬರುವ ಜಾಹೀರಾತುಗಳೇ ಇದಕ್ಕೆ ಕಾರಣ. "ಈ ಐದು ರೂಪಾಯಿ ನಾಣ್ಯ ನಿಮ್ಮಲ್ಲಿದ್ದರೆ ಹತ್ತು ಲಕ್ಷ", "ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟಿಗೆ ಲಕ್ಷ ಲಕ್ಷ" ಎಂಬ ಸುದ್ದಿಗಳನ್ನು ನೀವೂ ನೋಡಿರುತ್ತೀರಿ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಡಬ್ಬಿಯಲ್ಲಿರುವ ನಾಣ್ಯಗಳಲ್ಲಿ ಹೆಚ್ಚಿನವು ಜನರ ಕೈಯಲ್ಲಿ ಓಡಾಡಿ ಸವೆದ, ಎಲ್ಲೆಲ್ಲೂ ಸಿಗುವ ಸಾಮಾನ್ಯ ನಾಣ್ಯಗಳು. ಅವುಗಳಿಂದ ಯಾರೂ ಶ್ರೀಮಂತರಾಗುವುದಿಲ್ಲ. ಆದರೆ ಅವುಗಳನ್ನು ಸರಿಯಾಗಿ ಗುರುತಿಸಿ, ವಿಂಗಡಿಸಿ, ನ್ಯಾಯವಾದ ಬೆಲೆಗೆ ಮಾರಲು ಕಲಿತ ಹುಡುಗ ಅಥವಾ ಹುಡುಗಿ ಮುಂದೆ ಯಾವ ಮೋಸಗಾರನ ಬಲೆಗೂ ಸುಲಭವಾಗಿ ಬೀಳುವುದಿಲ್ಲ. ಇಂದಿನ ಮಾತಿನ ಸಾರ ಇಷ್ಟೇ.

ಹಳೆಯದೆಲ್ಲ ಅಪರೂಪವಲ್ಲ

"ಸರ್, ಇದು ನೂರಾ ಐವತ್ತು ವರ್ಷ ಹಳೆಯದು, ತುಂಬಾ ಬೆಲೆ ಇರಬೇಕಲ್ಲವೇ?" ಎಂಬುದು ಸಾಮಾನ್ಯವಾದ ತಪ್ಪು ತಿಳಿವಳಿಕೆ. ನಾಣ್ಯದ ಬೆಲೆಯನ್ನು ಅದರ ವಯಸ್ಸು ನಿರ್ಧರಿಸುವುದಿಲ್ಲ. ಮೂರು ಸಂಗತಿಗಳು ನಿರ್ಧರಿಸುತ್ತವೆ. ಆ ನಾಣ್ಯ ಇಂದು ಎಷ್ಟು ಉಳಿದಿದೆ, ಅದನ್ನು ಬಯಸುವವರು ಎಷ್ಟು ಜನ, ನಿಮ್ಮ ಕೈಯಲ್ಲಿರುವುದು ಎಷ್ಟು ಚೆನ್ನಾಗಿದೆ.

ವಿಕ್ಟೋರಿಯಾ ರಾಣಿಯ ಮುಖವಿರುವ 1862ರ ಬೆಳ್ಳಿ ರೂಪಾಯಿಯನ್ನು ನೋಡಿ. ಆ ನಾಣ್ಯವನ್ನು 1862ರ ನಂತರವೂ ಹಲವು ವರ್ಷಗಳ ಕಾಲ ಅದೇ ಇಸವಿಯನ್ನು ಹಾಕಿ ಟಂಕಿಸಲಾಯಿತು. ಆದ್ದರಿಂದ ಅದು ಹಳೆಯದಾದರೂ ಹೇರಳವಾಗಿ ಸಿಗುತ್ತದೆ. ಇನ್ನೊಂದು ಕಡೆ ಐದನೇ ಜಾರ್ಜ್ ದೊರೆಯ 1911ರ ರೂಪಾಯಿ ಇದೆ. ದೊರೆಯ ಉಡುಪಿನ ಮೇಲೆ ಕೊರೆದ ಪುಟ್ಟ ಆನೆ ನೋಡುವವರ ಕಣ್ಣಿಗೆ ಹಂದಿಯಂತೆ ಕಂಡಿತು. ಮುಸ್ಲಿಮರಲ್ಲಿ ವಿಶೇಷವಾಗಿ ಅಸಮಾಧಾನ ಉಂಟಾಯಿತು. ಸರಕಾರವು 1912ರಲ್ಲಿ ಆನೆಯ ಚಿತ್ರವನ್ನು ತಿದ್ದಿ ಹೊಸ ಅಚ್ಚು ಮಾಡಿಸಿತು. ಸುಮಾರು 94 ಲಕ್ಷ ನಾಣ್ಯಗಳು ತಯಾರಾಗಿದ್ದರೂ ಹೊರಬಂದದ್ದು ಸುಮಾರು 7 ಲಕ್ಷ ಮಾತ್ರ, ಉಳಿದವು ಕರಗಿಹೋದವು. ಹೀಗಾಗಿ 1911ರ ರೂಪಾಯಿಗೆ ಸಂಗ್ರಾಹಕರಲ್ಲಿ ಬೇಡಿಕೆ ಇದೆ. ಒಂದೇ ವರ್ಷದ ನಂತರದ 1912ರ ರೂಪಾಯಿ ಮಾತ್ರ ಸಾಮಾನ್ಯ ನಾಣ್ಯ. ನೋಡಲು ಎರಡೂ ಅಣ್ಣ ತಮ್ಮಂದಿರಂತಿವೆ.

ಸ್ವತಂತ್ರ ಭಾರತದ ನಾಣ್ಯಗಳಿಗೂ ಇದೇ ಮಾತು ಅನ್ವಯಿಸುತ್ತದೆ. ನೆಹರೂ ಅವರ ಚಿತ್ರವಿರುವ 1964ರ ನಾಣ್ಯ ಸ್ವತಂತ್ರ ಭಾರತದ ಮೊದಲ ಸ್ಮರಣಾರ್ಥ ನಾಣ್ಯ. ಚರಿತ್ರೆಯಲ್ಲಿ ಅದಕ್ಕೆ ಸ್ಥಾನವಿದೆ. ಆದರೆ ಮಾರುಕಟ್ಟೆಯಲ್ಲಿ ಬೇಕಾದಷ್ಟಿದೆ. ಗಾಂಧಿ ಶತಮಾನೋತ್ಸವದ ಹಳದಿ ಬಣ್ಣದ 20 ಪೈಸೆ, ಕಮಲದ 20 ಪೈಸೆ, ಅಲ್ಯೂಮಿನಿಯಂನ ಹಗುರವಾದ 1, 2, 3, 5 ಪೈಸೆಗಳು, ಎರಡನೇ ಮಹಾಯುದ್ಧದ ಕಾಲದ ನಡುವೆ ತೂತಿರುವ ತಾಮ್ರದ ಕಾಸು, ಇವೆಲ್ಲ ಕೋಟಿಗಟ್ಟಲೆ ಅಚ್ಚಾದವು. ವೈಷ್ಣೋದೇವಿಯ ಚಿತ್ರವಿರುವ 2012ರ 5 ಮತ್ತು 10 ರೂಪಾಯಿ ನಾಣ್ಯಗಳ ಬಗ್ಗೆಯೂ ಲಕ್ಷಗಳ ಕತೆ ಹಬ್ಬಿದೆ. ಅವು ಮಾಮೂಲಿಯಾಗಿ ಚಲಾವಣೆಗೆ ಬಂದ ನಾಣ್ಯಗಳು. ಹತ್ತು ರೂಪಾಯಿ ನಾಣ್ಯವನ್ನು ಅಂಗಡಿಯಲ್ಲಿ "ನಡೆಯುವುದಿಲ್ಲ" ಎಂದು ತಿರಸ್ಕರಿಸುವವರೇ, ಐದು ರೂಪಾಯಿ ನಾಣ್ಯಕ್ಕೆ ಹತ್ತು ಲಕ್ಷ ಎಂದರೆ ನಂಬಿಬಿಡುತ್ತಾರೆ! ಹತ್ತು ರೂಪಾಯಿಯ ಎಲ್ಲ ವಿನ್ಯಾಸದ ನಾಣ್ಯಗಳೂ ಚಲಾವಣೆಗೆ ಅರ್ಹವೆಂದು ರಿಸರ್ವ್ ಬ್ಯಾಂಕ್ 2018ರಲ್ಲೇ ಸ್ಪಷ್ಟಪಡಿಸಿದೆ.

ಇಸವಿಯ ಕೆಳಗಿನ ಸಣ್ಣ ಗುರುತನ್ನು ಓದಲು ಕಲಿಯಿರಿ. ನಕ್ಷತ್ರವಿದ್ದರೆ ಹೈದರಾಬಾದ್ ಟಂಕಸಾಲೆ, ಚೌಕಾಕಾರದ ಪುಟ್ಟ ಹರಳಿನಂಥ ಗುರುತಿದ್ದರೆ ಮುಂಬಯಿ, ದುಂಡನೆಯ ಚುಕ್ಕಿ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತಾ. ಮುಂಬಯಿಯ ಹಳೆಯ ನಾಣ್ಯಗಳಲ್ಲಿ ಬರೀ ಚುಕ್ಕಿ ಇರುವುದೂ ಉಂಟು. ನೋಯ್ಡಾ ಟಂಕಸಾಲೆ ಆರಂಭವಾದದ್ದು 1988ರಲ್ಲಿ ಎಂಬುದನ್ನು ನೆನಪಿಟ್ಟುಕೊಂಡರೆ ಗೊಂದಲವಾಗದು. 1985ರ ಒಂದು ರೂಪಾಯಿಯಲ್ಲಿ ಇಂಗ್ಲಿಷಿನ 'ಎಚ್' ಅಕ್ಷರ ಕಂಡರೆ ಅದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಮಾಡಿಸಿದ್ದು. ಒಂದೇ ವರ್ಷದ ಒಂದೇ ಮುಖಬೆಲೆಯ ನಾಣ್ಯ ಒಂದು ಟಂಕಸಾಲೆಯಿಂದ ಹೇರಳವಾಗಿ, ಇನ್ನೊಂದರಿಂದ ವಿರಳವಾಗಿ ಬಂದಿರಬಹುದು. ಈ ಗುರುತನ್ನು ನೋಡದೆ ಮಾರುವವನು ಬೀಜ ಯಾವುದೆಂದು ತಿಳಿಯದೆ ಸಂತೆಯಲ್ಲಿ ಕುಳಿತವನಂತೆ.

786ರ ಲೆಕ್ಕ

ನಮ್ಮ ಸಮುದಾಯದಲ್ಲಿ ಅನೇಕರು 786 ಸಂಖ್ಯೆಯ ನೋಟುಗಳನ್ನು ಪರ್ಸಿನಲ್ಲಿ ಜೋಪಾನವಾಗಿ ಇಟ್ಟುಕೊಳ್ಳುತ್ತಾರೆ. ಅದು ಅವರವರ ಪ್ರೀತಿ. ಆದರೆ ಅದಕ್ಕೆ ಲಕ್ಷ ರೂಪಾಯಿ ಸಿಗುತ್ತದೆಂದು ಯಾರಾದರೂ ಹೇಳಿದರೆ, ಇಲ್ಲಿರುವ ಹೈಸ್ಕೂಲು ವಿದ್ಯಾರ್ಥಿಗಳೇ ಲೆಕ್ಕ ಹಾಕಿ ಉತ್ತರ ಕೊಡಬಹುದು. ನೋಟಿನ ಸಂಖ್ಯೆಗೆ ಆರು ಅಂಕಿಗಳು. ಹಾಗಾಗಿ ಒಂದು ಸರಣಿಯಲ್ಲಿ ಹತ್ತು ಲಕ್ಷ ಸಂಖ್ಯೆಗಳಾಗುತ್ತವೆ. ಕೊನೆಯ ಮೂರು ಅಂಕಿ 786 ಆಗಿರುವವು ಅದರಲ್ಲಿ ಸರಿಯಾಗಿ ಒಂದು ಸಾವಿರ. ಅಂದರೆ ಸಾವಿರ ನೋಟಿಗೆ ಒಂದು. ನೂರು ನೋಟುಗಳ ಹತ್ತು ಕಟ್ಟು ತೆಗೆದರೆ ಒಂದು ಸಿಗುತ್ತದೆ. ಕೊನೆಯಲ್ಲೇ ಬೇಕೆಂದಿಲ್ಲ, ಎಲ್ಲಿದ್ದರೂ ಸರಿ ಎಂದರೆ ಸುಮಾರು ನಾಲ್ಕು ಸಾವಿರ. ಆಗ ಇನ್ನೂರೈವತ್ತು ನೋಟಿಗೆ ಒಂದು! ಬ್ಯಾಂಕಿನ ಕ್ಯಾಷಿಯರ್ ಪ್ರತಿದಿನ ಮುಟ್ಟುವ ವಸ್ತು ಅದು. ಇಷ್ಟಪಟ್ಟು ಸ್ವಲ್ಪ ಹೆಚ್ಚು ಕೊಡುವವರು ಸಿಕ್ಕಾರು. ಅದೃಷ್ಟ ತೆರೆಯುವ ಕೀಲಿಕೈ ಮಾತ್ರ ಅದಲ್ಲ.

ಬೆಳ್ಳಿಯ ಮಾತೇ ಬೇರೆ

ಸಾಮಾನ್ಯ ನಾಣ್ಯಗಳಲ್ಲೂ ಒಂದು ವರ್ಗಕ್ಕೆ ಖಚಿತವಾದ ಕನಿಷ್ಠ ಬೆಲೆ ಇದೆ. ಅದು ಬೆಳ್ಳಿ ರೂಪಾಯಿ. ಹಳೆಯ ರೂಪಾಯಿಯ ತೂಕ ಒಂದು ತೊಲ, ಅಂದರೆ 11.66 ಗ್ರಾಂ. 1939ರವರೆಗಿನ ಬ್ರಿಟಿಷ್ ಕಾಲದ ಈ ರೂಪಾಯಿಗಳಲ್ಲಿ ನೂರಕ್ಕೆ 91.7 ಪಾಲು ಬೆಳ್ಳಿ. ಗುಣಿಸಿ ನೋಡಿದರೆ ಸುಮಾರು 10.69 ಗ್ರಾಂ ಶುದ್ಧ ಬೆಳ್ಳಿ. ಯುದ್ಧಕಾಲದಲ್ಲಿ, 1940ರಿಂದ 1945ರವರೆಗೆ ಬಂದ ರೂಪಾಯಿಯಲ್ಲಿ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಲಾಯಿತು, ಅದರಲ್ಲಿ 5.83 ಗ್ರಾಂ ಇದೆ. ಹಿಂಬದಿಯಲ್ಲಿ ಹುಲಿ ಇರುವ 1947ರ ರೂಪಾಯಿ ನಿಕ್ಕಲ್, ಬೆಳ್ಳಿ ಅದರಲ್ಲಿಲ್ಲ.

ಎಷ್ಟೇ ಸವೆದಿದ್ದರೂ, ಸರಕ್ಕೆ ಪೋಣಿಸಲು ಕೊಂಡಿ ಬೆಸೆದಿದ್ದರೂ, ಬೆಳ್ಳಿ ಬೆಳ್ಳಿಯೇ. ಆ ದಿನದ ಪತ್ರಿಕೆಯಲ್ಲಿ ಗ್ರಾಂ ದರವನ್ನು ನೋಡಿ, ಮೇಲಿನ ತೂಕದಿಂದ ಗುಣಿಸಿ, ಒಂದು ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋಗಿ. ಸವೆದ ನಾಣ್ಯ ಸ್ವಲ್ಪ ಹಗುರವಾಗಿರುತ್ತದೆ, ಎದುರಿಗೇ ತೂಗಿಸಿ. ಅಜ್ಜಿಯ ರಾಣಿ ರೂಪಾಯಿಯನ್ನು "ಹಳೇ ಬಿಲ್ಲೆ, ಇಷ್ಟೇ ಕೊಡುತ್ತೇನೆ" ಎಂದು ಬೆಳ್ಳಿಯ ಬೆಲೆಗಿಂತಲೂ ಬಹಳ ಕಡಿಮೆಗೆ ಕೇಳುವವರಿದ್ದಾರೆ. ಲೆಕ್ಕ ಗೊತ್ತಿದ್ದವರ ಮುಂದೆ ಆ ಮಾತು ನಡೆಯುವುದಿಲ್ಲ.

ಮಾರುವುದು ಹೇಗೆ?

ಮೊದಲನೆಯದಾಗಿ, ತೊಳೆಯಬೇಡಿ. ಇದು ನಮ್ಮ ಮನೆಗಳಲ್ಲಿ ಆಗುವ ದೊಡ್ಡ ಅನಾಹುತ. ನಾಣ್ಯ ಮಾರಬೇಕೆಂದ ಕೂಡಲೇ ಹುಣಸೆಹಣ್ಣು, ನಿಂಬೆರಸ, ಪಾತ್ರೆ ಉಜ್ಜುವ ಪುಡಿ ಹೊರಬರುತ್ತವೆ. ತಾಮ್ರ ಫಳಫಳ ಹೊಳೆಯುತ್ತದೆ. ಸಂಗ್ರಾಹಕನ ಕಣ್ಣಿನಲ್ಲಿ ಅದರ ಬೆಲೆ ಅಲ್ಲಿಗೇ ಬಿದ್ದುಹೋಗುತ್ತದೆ. ದಶಕಗಳಿಂದ ಲೋಹದ ಮೇಲೆ ಕೂತ ಬಣ್ಣ ಅದರ ಸಹಜ ಚರ್ಮವಿದ್ದಂತೆ. ಅದನ್ನು ಉಜ್ಜಿದರೆ ಮತ್ತೆ ಬರುವುದಿಲ್ಲ. ನಾಣ್ಯವನ್ನು ಅಂಚಿನಲ್ಲಿ ಹಿಡಿಯಿರಿ, ಒಣ ಕಾಗದದ ಲಕೋಟೆಯಲ್ಲಿ ಇಡಿ. ವಾಸನೆ ಬರುವ ಮೆತ್ತನೆಯ ಪ್ಲಾಸ್ಟಿಕ್ ಚೀಲಗಳಲ್ಲಿ ಇಟ್ಟರೆ ಕಾಲಕ್ರಮೇಣ ಹಸಿರು ಅಂಟು ಕೂರುತ್ತದೆ.

ಎರಡನೆಯದಾಗಿ, ವಿಂಗಡಿಸಿ ಪಟ್ಟಿ ಮಾಡಿ. ಒಂದು ನೋಟ್‌ಬುಕ್ಕಿನಲ್ಲಿ ಮುಖಬೆಲೆ, ಇಸವಿ, ಟಂಕಸಾಲೆಯ ಗುರುತು, ಲೋಹ, ಸ್ಥಿತಿ, ಎಷ್ಟು ಇವೆ ಎಂಬ ಆರು ಕಲಂಗಳನ್ನು ಎಳೆಯಿರಿ. ಸ್ಥಿತಿಯನ್ನು ಬರೆಯುವಾಗ ನಿಮ್ಮ ನಾಣ್ಯದ ಮೇಲೆ ನಿಮಗೇ ಮಮತೆ ಬೇಡ. ಅಕ್ಷರ ಓದಲು ಕಷ್ಟವಾದರೆ "ಸವಕಲು" ಎಂದೇ ಬರೆಯಿರಿ. ಒಮ್ಮೆಯೂ ಕೈ ಬದಲಾಗದೆ ಅಚ್ಚಿನಿಂದ ಬಂದ ಹಾಗೇ ಇರುವ ನಾಣ್ಯಕ್ಕೂ ಹತ್ತು ವರ್ಷ ಬಸ್ಸಿನ ಕಂಡಕ್ಟರರ ಚೀಲದಲ್ಲಿ ಓಡಾಡಿದ ಅದೇ ನಾಣ್ಯಕ್ಕೂ ಬೆಲೆಯಲ್ಲಿ ಅಜಗಜಾಂತರ.

ಮೂರನೆಯದಾಗಿ, ಸಾಮಾನ್ಯ ನಾಣ್ಯವನ್ನು ಬಿಡಿಯಾಗಿ ಮಾರಲು ಹೋಗಬೇಡಿ. ಹತ್ತು ರೂಪಾಯಿಗೆ ಹೋಗುವ ನಾಣ್ಯವನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದರೆ ಅಂಚೆಯ ಖರ್ಚೇ ನಾಣ್ಯದ ಬೆಲೆಯನ್ನು ಮೀರುತ್ತದೆ. ಅದರ ಬದಲು ಒಂದು ಕತೆ ಹೇಳುವ ಜೋಡಣೆ ಮಾಡಿ. ನಮ್ಮ ದೇಶ ದಶಮಾನ ಪದ್ಧತಿಗೆ ಬಂದದ್ದು 1957ರ ಏಪ್ರಿಲ್ 1ರಂದು. ಅದಕ್ಕೂ ಮೊದಲು ರೂಪಾಯಿಗೆ 16 ಆಣೆ, 64 ಪೈಸೆ, 192 ಪೈ. 1964ರವರೆಗೆ ಪೈಸೆಯನ್ನು "ನಯಾ ಪೈಸೆ" ಎನ್ನುತ್ತಿದ್ದೆವು. 3 ಪೈಸೆ 1964ರಲ್ಲಿ, 20 ಪೈಸೆ 1968ರಲ್ಲಿ ಬಂದವು. 2011ರ ಜೂನ್ 30ರಿಂದ 25 ಪೈಸೆ ಮತ್ತು ಅದಕ್ಕಿಂತ ಕಡಿಮೆಯ ನಾಣ್ಯಗಳ ಚಲಾವಣೆ ಕೊನೆಗೊಂಡಿತು. 1, 2, 3, 5, 10, 20, 25, 50 ಪೈಸೆಗಳ ಎಂಟು ನಾಣ್ಯಗಳನ್ನು ಒಂದು ರಟ್ಟಿನ ಕಾರ್ಡಿನಲ್ಲಿ ಕೂರಿಸಿ, ಪ್ರತಿಯೊಂದರ ಕೆಳಗೆ ಈ ವಿವರವನ್ನು ಚೆಂದದ ಅಕ್ಷರದಲ್ಲಿ ಬರೆದರೆ, ಬಿಡಿಯಾಗಿ ಯಾರೂ ಕೇಳದ ನಾಣ್ಯಗಳನ್ನು ಶಾಲೆಯ ಮಾಸ್ತರರು, ಹೊಸದಾಗಿ ಸಂಗ್ರಹ ಆರಂಭಿಸುವ ಮಕ್ಕಳು ಸಂತೋಷದಿಂದ ಕೊಳ್ಳುತ್ತಾರೆ. ಇಲ್ಲಿ ನೀವು ಮಾರುವುದು ಲೋಹಕ್ಕಿಂತ ಹೆಚ್ಚಾಗಿ ನಿಮ್ಮ ಶ್ರಮವನ್ನು ಮತ್ತು ತಿಳಿವಳಿಕೆಯನ್ನು.

ನಾಲ್ಕನೆಯದಾಗಿ, ವ್ಯಾಪಾರಿಯ ಬೆಲೆಯನ್ನು ಅರ್ಥಮಾಡಿಕೊಳ್ಳಿ. ಪುಸ್ತಕದಲ್ಲಿ ನಮೂದಾಗಿರುವುದು ಆತ ಗಿರಾಕಿಗೆ ಮಾರುವ ಅಂದಾಜು ಬೆಲೆ. ಆತ ಅಂಗಡಿ ಬಾಡಿಗೆ ಕಟ್ಟಬೇಕು, ನಾಣ್ಯ ಮಾರಾಟವಾಗುವವರೆಗೆ ವರ್ಷಗಟ್ಟಲೆ ಕಾಯಬೇಕು. ಹಾಗಾಗಿ ನಿಮಗೆ ಅದರ ಒಂದು ಪಾಲನ್ನಷ್ಟೇ ಕೊಡುತ್ತಾನೆ. ಅದು ಮೋಸವಲ್ಲ, ವ್ಯಾಪಾರ. ಇಬ್ಬರು ಮೂವರಲ್ಲಿ ವಿಚಾರಿಸಿ ನಂತರ ತೀರ್ಮಾನಿಸಿ. ಮಾರುವುದಕ್ಕಿಂತ ವಿನಿಮಯ ಎಷ್ಟೋ ಸಲ ಲಾಭಕರ. ನಿಮ್ಮಲ್ಲಿ ಹೆಚ್ಚಾಗಿರುವ ಹತ್ತು 20 ಪೈಸೆ ಕೊಟ್ಟು, ನಿಮ್ಮಲ್ಲಿಲ್ಲದ ಎರಡು ಆಣೆ ನಾಣ್ಯ ಪಡೆದರೆ ಇಬ್ಬರ ಸಂಗ್ರಹವೂ ಬೆಳೆಯುತ್ತದೆ.

ಐದನೆಯದಾಗಿ, ದೋಷವನ್ನು ಮುಚ್ಚಿಡಬೇಡಿ. ಗೀರು, ತೂತು, ಬೆಸುಗೆ, ಉಜ್ಜಿದ ಗುರುತು ಏನಿದ್ದರೂ ಕೊಳ್ಳುವವನಿಗೆ ಮೊದಲೇ ಹೇಳಿ. ಸರಕಿನ ದೋಷವನ್ನು ಮರೆಮಾಚಿ ಮಾರಬಾರದೆಂಬುದು ನಮಗೆ ಮನೆಯಲ್ಲೂ ಮದ್ರಸದಲ್ಲೂ ಕಲಿಸಿದ ಪಾಠ. ಇಪ್ಪತ್ತು ರೂಪಾಯಿಯ ವ್ಯವಹಾರದಲ್ಲಿ ಅದನ್ನು ಪಾಲಿಸದವನು ಇಪ್ಪತ್ತು ಲಕ್ಷದ ವ್ಯವಹಾರದಲ್ಲಿ ಪಾಲಿಸುತ್ತಾನೆಂದು ನಂಬುವುದು ಹೇಗೆ?

ಹಣ ಕೊಡಬೇಕಾದವನು ಹಣ ಕೇಳಿದರೆ

ಈಗ ಗಂಭೀರವಾದ ಭಾಗಕ್ಕೆ ಬರುತ್ತೇನೆ. ಬೀಡಿ ಕಟ್ಟಿ ಸಂಸಾರ ನಡೆಸುವ ತಾಯಿಯೊಬ್ಬರು ಒಮ್ಮೆ ಮಗಳ ಜತೆ ನನ್ನಲ್ಲಿಗೆ ಬಂದಿದ್ದರು. ಅವರ ಬಳಿ ಇದ್ದದ್ದು ಎರಡು ಸಾಧಾರಣ ಐದು ರೂಪಾಯಿ ನಾಣ್ಯ. ಜಾಹೀರಾತಿನಲ್ಲಿದ್ದ ಸಂಖ್ಯೆಗೆ ಫೋಟೋ ಕಳುಹಿಸಿದಾಗ "ಎಂಟು ಲಕ್ಷಕ್ಕೆ ಖರೀದಿಸಿದ್ದೇವೆ" ಎಂಬ ಉತ್ತರ ಬಂತು. ಮೊದಲು ನೋಂದಣಿ ಶುಲ್ಕವೆಂದು 850 ರೂಪಾಯಿ ಕಟ್ಟಿಸಿಕೊಂಡರು. ನಂತರ ರಿಸರ್ವ್ ಬ್ಯಾಂಕಿನ ಪ್ರಮಾಣಪತ್ರಕ್ಕೆಂದು 4,500. ಆ ಮೇಲೆ ತೆರಿಗೆ ಎಂದು 12,000. ಒಟ್ಟು 17,350 ರೂಪಾಯಿ. ಅದು ಮಗಳ ಪಿ.ಯು.ಸಿ. ಶುಲ್ಕಕ್ಕಾಗಿ ಚೀಟಿ ಹಾಕಿ ಕೂಡಿಸಿದ ಹಣ. ನಾಲ್ಕನೆಯ ಬಾರಿ ಕೇಳಿದಾಗ ಕೊಡಲು ಏನೂ ಉಳಿದಿರಲಿಲ್ಲ. ನಾಣ್ಯಗಳು ಮಾತ್ರ ಅವರ ಸೆರಗಿನ ಗಂಟಿನಲ್ಲಿ ಹಾಗೆಯೇ ಇದ್ದವು. ಆ ಹುಡುಗಿ ಒಂದು ಮಾತೂ ಆಡದೆ ನೆಲ ನೋಡುತ್ತಾ ನಿಂತಿದ್ದಳು. ಫೋಟೋ ತೆಗೆದು ಕಳುಹಿಸಿಕೊಟ್ಟವಳು ಅವಳೇ.

ಆ ಮಗುವಿನದು ತಪ್ಪಲ್ಲ. ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೇ. ಆದ್ದರಿಂದ ಇಲ್ಲಿ ಹೇಳುತ್ತಿದ್ದೇನೆ. ರಿಸರ್ವ್ ಬ್ಯಾಂಕ್ 2021ರ ಆಗಸ್ಟ್ 4ರಂದು ಸಾರ್ವಜನಿಕರಿಗೆ ಎಚ್ಚರಿಕೆಯ ಪ್ರಕಟಣೆ ನೀಡಿತು. ತನ್ನ ಹೆಸರನ್ನೂ ಲಾಂಛನವನ್ನೂ ಬಳಸಿ ಹಳೆಯ ನೋಟು ನಾಣ್ಯಗಳ ವ್ಯವಹಾರಕ್ಕೆ ಶುಲ್ಕ, ಕಮಿಷನ್, ತೆರಿಗೆ ಕೇಳುವವರು ವಂಚಕರೆಂದೂ, ತಾನು ಇಂಥ ವ್ಯವಹಾರ ಮಾಡುವುದಿಲ್ಲವೆಂದೂ, ತನ್ನ ಪರವಾಗಿ ಶುಲ್ಕ ಪಡೆಯಲು ಯಾರಿಗೂ ಅಧಿಕಾರ ನೀಡಿಲ್ಲವೆಂದೂ ಅದು ತಿಳಿಸಿತು. ಒಂದೇ ಸೂತ್ರ ನೆನಪಿಡಿ: ಕೊಳ್ಳುವವನು ಹಣ ಕೊಡುತ್ತಾನೆ, ಕೊಳ್ಳುವವನೇ ಹಣ ಕೇಳಿದರೆ ಅವನು ಕೊಳ್ಳುವವನಲ್ಲ. ಓ.ಟಿ.ಪಿ., ಬ್ಯಾಂಕ್ ಖಾತೆಯ ಪಿನ್, ಆಧಾರ್ ಪ್ರತಿ ಯಾವುದನ್ನೂ ಕೊಡಬೇಡಿ. ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ. ಮೋಸ ಆಗಿಯೇ ಹೋದರೆ ನಾಚಿಕೆಪಟ್ಟು ಸುಮ್ಮನಿರದೆ ತಕ್ಷಣ 1930ಕ್ಕೆ ಕರೆ ಮಾಡಿ ಸೈಬರ್ ಅಪರಾಧದ ದೂರು ದಾಖಲಿಸಿ. ಎಷ್ಟು ಬೇಗ ತಿಳಿಸುತ್ತೀರೋ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು.

ಅಕ್ಕಿಯನ್ನು ಎಳೆಯುವ ತಾಮ್ರದ ನಾಣ್ಯವೆಂದು ಹೇಳುವವರು, 1818 ಎಂದು ಬರೆದು ದೇವರ ಚಿತ್ರ ಅಚ್ಚುಮಾಡಿದ ಈಸ್ಟ್ ಇಂಡಿಯಾ ಕಂಪನಿಯ ಒಂದಾಣೆ, ಎರಡಾಣೆ ಎಂದು ಬಿಲ್ಲೆ ಮಾರುವವರು, ಎಲ್ಲರದ್ದೂ ಇದೇ ಗುಂಪು. ಆ ಬಿಲ್ಲೆಗಳು ಯಾವ ಟಂಕಸಾಲೆಯ ನಾಣ್ಯಗಳೂ ಅಲ್ಲ.

ಕಾನೂನಿನ ಗೆರೆ

ಹವ್ಯಾಸಕ್ಕೂ ಕಾನೂನಿನ ಗೆರೆ ಇದೆ. 2011ರ ನಾಣ್ಯ ಕಾಯ್ದೆಯ ಪ್ರಕಾರ ಚಲಾವಣೆಯ ನಾಣ್ಯಗಳನ್ನು ಕರಗಿಸುವುದು, ಹಾಳುಮಾಡುವುದು, ಅಗತ್ಯಕ್ಕಿಂತ ಬಹಳ ಹೆಚ್ಚಾಗಿ ಕೂಡಿಟ್ಟು ಮುಖಬೆಲೆಗಿಂತ ಬೇರೆ ಬೆಲೆಗೆ ಮಾರುವುದು ಅಪರಾಧ. ಸಂಗ್ರಹಕ್ಕೆ ನಾಲ್ಕು ನಾಣ್ಯ ಇಡುವುದು ಬೇರೆ, ಮೂಟೆ ಕಟ್ಟುವುದು ಬೇರೆ. ನೂರು ವರ್ಷ ದಾಟಿದ ನಾಣ್ಯಗಳು 1972ರ ಪುರಾವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಅವುಗಳನ್ನು ವಿದೇಶಕ್ಕೆ ಕಳುಹಿಸುವಂತಿಲ್ಲ. ಮಾರಾಟವನ್ನೇ ವೃತ್ತಿಯಾಗಿ ಮಾಡಿಕೊಳ್ಳಲು ಪರವಾನಗಿ ಬೇಕು. ಗಲ್ಫಿನಲ್ಲಿರುವ ಅಣ್ಣನಿಗೆ ಅಲ್ಲಿ ಮಾರಲೆಂದು ಹಳೆಯ ನಾಣ್ಯ ಕೊಟ್ಟು ಕಳುಹಿಸುವ ಮೊದಲು ಇದನ್ನು ಯೋಚಿಸಿ. ತೋಟ ಅಗೆಯುವಾಗ ನಾಣ್ಯದ ಗಡಿಗೆ ಸಿಕ್ಕರೆ ಅದು ಸಿಕ್ಕವನ ಸೊತ್ತಲ್ಲ, ಸರಕಾರಕ್ಕೆ ತಿಳಿಸಬೇಕು.

ಟಿಪ್ಪು ಸುಲ್ತಾನರ ತಾಮ್ರದ ಪೈಸೆಯೂ ಹೀಗೆ ನೂರು ವರ್ಷ ದಾಟಿದ ನಾಣ್ಯ. ಒಂದು ಬದಿಯಲ್ಲಿ ಆನೆ ಇರುವ ಈ ಪೈಸೆಗೆ ಅವರು "ಜೋಹ್ರಾ" ಎಂದು, ಅರ್ಧ ಪೈಸೆಗೆ "ಬಹ್ರಾಮ್" ಎಂದು, ಬೆಳ್ಳಿ ರೂಪಾಯಿಗೆ "ಇಮಾಮಿ" ಎಂದು ಹೆಸರಿಟ್ಟರು. ಅವರ ಮೌಲೂದಿ ಶಕೆಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ತಿಳಿಯದವರು 1215ನ್ನು 5121 ಎಂದು ಓದಿ ಬೆರಗಾಗುತ್ತಾರೆ! ಆನೆಯ ಪೈಸೆಗಳು ಬಹಳಷ್ಟು ಉಳಿದಿವೆ, ನಕಲಿಯೂ ಬಹಳಷ್ಟಿವೆ. ಇಂಥದೊಂದು ಮನೆಯಲ್ಲಿದ್ದರೆ ಅವಸರದಿಂದ ಮಾರುವುದಕ್ಕಿಂತ, ಅದನ್ನು ಓದಲು ಕಲಿಯುವುದರಲ್ಲಿ ಹೆಚ್ಚು ಲಾಭವಿದೆ.

ಕೊನೆಯ ಮಾತು

ಉಡುಪಿಯಲ್ಲಿ 1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಸ್ಥಾಪಿಸಿದ ಪುಟ್ಟ ಬ್ಯಾಂಕು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎಂದು ದೇಶದಾದ್ಯಂತ ಬೆಳೆಯಿತು. 2020ರ ಏಪ್ರಿಲ್‌ನಲ್ಲಿ ಅದು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ವಿಲೀನಕ್ಕೂ ಮೊದಲೇ ಬ್ಯಾಂಕು ಸಾಹೇಬರ ಮನೆಯಲ್ಲಿ ಒಂದು ನಾಣ್ಯ ಸಂಗ್ರಹಾಲಯವನ್ನು ಸ್ಥಾಪಿಸಿತ್ತು. ಮುಂಬಯಿಯಲ್ಲಿ ರಿಸರ್ವ್ ಬ್ಯಾಂಕಿನ ಹಣಕಾಸು ವಸ್ತು ಸಂಗ್ರಹಾಲಯ 2004ರಲ್ಲಿ ಆರಂಭವಾಯಿತು. ಇಂಥ ಕಡೆ ಗಾಜಿನ ಹಿಂದೆ ಕುಳಿತ ನಾಣ್ಯಗಳಲ್ಲಿಯೂ ಎಷ್ಟೋ ಒಂದು ಕಾಲದಲ್ಲಿ ಸಾಮಾನ್ಯ ಚಿಲ್ಲರೆಯೇ ಆಗಿದ್ದವು. ಯಾರೋ ಒಬ್ಬರು ಅವುಗಳನ್ನು ಗುರುತಿಸಿ, ಹೆಸರು ಬರೆದು, ಕಾಪಾಡಿದರು.

ಇವತ್ತು ರಾತ್ರಿ ಮನೆಗೆ ಹೋಗಿ ಡಬ್ಬಿ ತೆರೆದಾಗ ಬೆಲೆ ಎಷ್ಟೆಂದು ಕೇಳುವ ಮೊದಲು ಇದು ಏನೆಂದು ಕೇಳಿ. ಒಂದು ಭೂತಗನ್ನಡಿ, ಒಂದು ನೋಟ್‌ಬುಕ್, ಸ್ವಲ್ಪ ತಾಳ್ಮೆ ಸಾಕು. ಪಟ್ಟಿ ಮುಗಿದ ಮೇಲೆ ನಿಮ್ಮಲ್ಲಿ ಹೆಚ್ಚಿರುವುದನ್ನು ನ್ಯಾಯವಾದ ಬೆಲೆಗೆ ಮಾರಿ, ಬಂದ ನೂರು ಇನ್ನೂರು ರೂಪಾಯಿಯಲ್ಲಿ ನಾಣ್ಯಗಳ ಬಗ್ಗೆ ಒಂದು ಒಳ್ಳೆಯ ಪುಸ್ತಕ ಕೊಂಡುಕೊಳ್ಳಿ. ಮತ್ತು ನಿಮ್ಮ ತಾಯಿ, ಅಜ್ಜಿ, ನೆರೆಮನೆಯ ಚಿಕ್ಕಮ್ಮನಿಗೆ ಆ ಒಂದು ಸೂತ್ರವನ್ನು ತಪ್ಪದೆ ಹೇಳಿಕೊಡಿ. ಲಕ್ಷ ಕೊಡುತ್ತೇನೆಂದು ಸಾವಿರ ಕೇಳುವವನಿಗೆ ಒಂದು ರೂಪಾಯಿಯನ್ನೂ ಕೊಡಬಾರದು.